ಡೀನಾಗೆ ಸಿಕ್ಕ ಹಾಡು

ಬ್ರಾಡ್‌ವೇಯಲ್ಲಿ ವರ್ಷಗಟ್ಟಲೆ ಓಡಿದ ಮ್ಯೂಸಿಕಲ್ ನಾಟಕವನ್ನು ಸಿನಿಮಾ ಮಾಡುವಾಗ ಹಾಲಿವುಡ್‌ನವರು ಒಂದು ಕೆಲಸ ಮಾಡ್ತಾರೆ. ನಾಟಕದ ಹಾಡುಗಳು ಹೇಗೂ ಇರ್ತವೆ, ಅವುಗಳ ಮಧ್ಯೆ ಹೊಸದಾಗಿ ಒಂದು ಹಾಡು ಬರೆಸಿ ಸೇರಿಸ್ತಾರೆ. ಹೆಚ್ಚಾಗಿ ಅದು ಮೆಲ್ಲಗೆ ಶುರುವಾಗಿ ಕೊನೆಗೆ ಗಂಟಲು ಬಿಟ್ಟು ಹಾಡುವಂಥ ಬ್ಯಾಲಡ್. ಕಾರಣ ಗುಟ್ಟೇನಲ್ಲ. ಆಸ್ಕರ್‌ನಲ್ಲಿ ಹಾಡಿಗೆ ಕೊಡುವ ಪ್ರಶಸ್ತಿ, ಆ ಸಿನಿಮಾಕ್ಕೆ ಅಂತಲೇ ಬರೆದ ಹಾಡಿಗೆ ಮಾತ್ರ. ನಾಟಕದಿಂದ ಬಂದ ಹಾಡು ಎಷ್ಟೇ ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ.

ಅದಕ್ಕೇ ಇಂಥ ಹಾಡು ಬಂದಾಗಲೆಲ್ಲ ನಮ್ಮ ಹಾಸ್ಟೆಲ್ ರೂಮಿನಲ್ಲಿ ಯಾರಾದರೊಬ್ಬಳು "ಇದು ಆಸ್ಕರ್‌ಗೆ ಹಾಕಿದ ಅರ್ಜಿ ಕಣೇ" ಅಂತ ಹೇಳೇ ಹೇಳ್ತಾಳೆ. ಅರ್ಜಿ ಹೌದು, ಇಲ್ಲ ಅನ್ನಲ್ಲ. ಆದರೆ ಅರ್ಜಿ ಬರೆಯೋಕೂ ಜಾಗ ಬೇಕಲ್ಲ? ಮೊದಲೇ ಪೂರ್ತಿಯಾಗಿರುವ ಕಥೆಯಲ್ಲಿ ಎಲ್ಲಿ ಒಂದು ಮಾತು ಬಾಕಿ ಉಳಿದಿದೆ ಅಂತ ಹುಡುಕಬೇಕು. 1996ರ 'ಎವಿಟಾ' ಸಿನಿಮಾಕ್ಕೆ ಆ್ಯಂಡ್ರೂ ಲಾಯ್ಡ್ ವೆಬ್ಬರ್ ಮತ್ತು ಟಿಮ್ ರೈಸ್ ಮತ್ತೆ ಜೊತೆಯಾಗಿ 'ಯು ಮಸ್ಟ್ ಲವ್ ಮಿ' ಬರೆದರು, ಮಡೋನಾ ಹಾಡಿದಳು, ಆಸ್ಕರ್ ಬಂತು. ಅಲ್ಲಿ ಜಾಗ ಸರಿಯಾಗಿ ಸಿಕ್ಕಿತ್ತು. ಊರನ್ನೆಲ್ಲ ಗೆದ್ದ ಹೆಂಗಸು ಸಾಯುವ ಕಾಯಿಲೆಯಲ್ಲಿ ಮೊದಲ ಸಲ ಮೆತ್ತಗೆ ಮಾತಾಡ್ತಾಳೆ.

ನಮಗೆ ಹತ್ತಿರವಾದದ್ದು ಮಾತ್ರ ಅದಲ್ಲ. 'ಡ್ರೀಮ್‌ಗರ್ಲ್ಸ್' ಸಿನಿಮಾದ 'ಲಿಸನ್'.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ. ನಾಟಕ ಬ್ರಾಡ್‌ವೇಗೆ ಬಂದದ್ದು 1981ರ ಡಿಸೆಂಬರ್‌ನಲ್ಲಿ. ಸಂಗೀತ ಹೆನ್ರಿ ಕ್ರೀಗರ್, ಸಾಹಿತ್ಯ ಟಾಮ್ ಐಯನ್. ಮೂವರು ಕಪ್ಪು ಹುಡುಗಿಯರ ಗುಂಪು, ಅವರನ್ನು ಮೇಲೆ ತರುವ ಕರ್ಟಿಸ್ ಅನ್ನೋ ಮ್ಯಾನೇಜರ್. ಗುಂಪಿನಲ್ಲಿ ನಿಜವಾದ ಕಂಠ ಇರೋದು ಎಫಿಗೆ. ಆದರೆ ಕರ್ಟಿಸ್ ಅವಳನ್ನು ಹಿಂದಕ್ಕೆ ಸರಿಸಿ, ನೋಡೋಕೆ ಚೆನ್ನಾಗಿರುವ, ತೆಳು ದನಿಯ ಡೀನಾಳನ್ನು ಮುಂದೆ ನಿಲ್ಲಿಸ್ತಾನೆ. ಆಮೇಲೆ ಎಫಿ ಗುಂಪಿನಿಂದಲೇ ಹೊರಗೆ. ಆಗ ಅವಳು ಹಾಡುವ 'ಆ್ಯಂಡ್ ಐ ಆ್ಯಮ್ ಟೆಲಿಂಗ್ ಯೂ' ಕೇಳಿದವರು ಮರೆಯಲ್ಲ. ನಾಟಕದಲ್ಲಿ ಅದನ್ನು ಹಾಡಿದ ಜೆನಿಫರ್ ಹಾಲಿಡೇಗೆ ಟೋನಿ ಬಂತು, ಸಿನಿಮಾದಲ್ಲಿ ಹಾಡಿದ ಜೆನಿಫರ್ ಹಡ್ಸನ್‌ಗೆ ನಟನೆಯ ಆಸ್ಕರ್ ಬಂತು.

ಡೀನಾಗೆ? ಗುಂಪಿನ ಹಾಡುಗಳಿದ್ದವು, ಮಿರಿಮಿರಿ ಗೌನುಗಳಿದ್ದವು. ತನ್ನ ಮನಸ್ಸಿನಲ್ಲಿ ಏನಿದೆ ಅಂತ ಒಬ್ಬಳೇ ನಿಂತು ಹೇಳುವ ದೊಡ್ಡ ಹಾಡು ಮಾತ್ರ ನಾಟಕದಲ್ಲಿ ಇರಲಿಲ್ಲ. ಇಪ್ಪತ್ತೈದು ವರ್ಷ ಹಾಗೇ ನಡೀತು. 2006ರಲ್ಲಿ ಬಿಲ್ ಕಾಂಡನ್ ಸಿನಿಮಾ ಮಾಡಿದಾಗ ಡೀನಾ ಆದವಳು ಬಿಯಾನ್ಸೆ. ಬಿಯಾನ್ಸೆಯನ್ನು ಕರೆದು ಸುಮ್ಮನೆ ನಗ್ತಾ ನಿಲ್ಲು ಅನ್ನೋಕಾಗತ್ತಾ? ಟಾಮ್ ಐಯನ್ 1991ರಲ್ಲೇ ತೀರಿಕೊಂಡಿದ್ದರು. ಕ್ರೀಗರ್, ಸ್ಕಾಟ್ ಕಟ್ಲರ್, ಆ್ಯನ್ ಪ್ರೆವೆನ್ ಮತ್ತು ಬಿಯಾನ್ಸೆ ಸೇರಿ ಈ ಹೊಸ ಹಾಡು ಮಾಡಿದರು. ಡೀನಾ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ನಿಂತು ಹಾಡ್ತಾಳೆ, ಕರ್ಟಿಸ್ ನೋಡ್ತಿರ್ತಾನೆ. ಹಾಡಿನ ಹೆಸರಿನ ಅರ್ಥ ಅಷ್ಟೇ: ಕೇಳು.

ಇದರಲ್ಲಿ ತಪ್ಪು ಹುಡುಕೋದು ಸುಲಭ. ಕಥೆ ನಡೆಯೋದು ಅರವತ್ತು-ಎಪ್ಪತ್ತರ ದಶಕದಲ್ಲಿ, ಹಾಡು ಕೇಳಿದರೆ ಪಕ್ಕಾ 2006ರ ರೇಡಿಯೋ. ಅದಕ್ಕಿಂತ ದೊಡ್ಡ ತಕರಾರು ಇನ್ನೊಂದು. ಡೀನಾ ಹೀಗೆ ಹಾಡಬಲ್ಲಳು ಅಂದ್ರೆ ಎಫಿಯದೇ ದೊಡ್ಡ ಕಂಠ ಅನ್ನೋ ಕಥೆಯ ಬುಡವೇ ಅಲ್ಲಾಡತ್ತಲ್ಲ? ಈ ಮಾತು ಬಂದ ರಾತ್ರಿ ನಾವು ಮೆಸ್ ಮುಚ್ಚೋವರೆಗೂ ಜಗಳ ಆಡಿದ್ವಿ. ನಮ್ಮಲ್ಲಿ ಹೆಚ್ಚಿನವರು ಕೊನೆಗೆ ಬಂದು ನಿಂತದ್ದು ಇಲ್ಲಿಗೆ: ಕರ್ಟಿಸ್ ಡೀನಾಗೆ ಮುಖಕ್ಕೇ ಹೇಳ್ತಾನೆ, ನಿನ್ನ ದನಿಯಲ್ಲಿ ಏನೂ ಇಲ್ಲ, ಅದಕ್ಕೇ ನಿನ್ನನ್ನು ಆರಿಸಿದೆ, ಇರೋದೆಲ್ಲ ನಾನು ತುಂಬಿದ್ದು ಅನ್ನೋ ಅರ್ಥದಲ್ಲಿ. ಅವನು ಕೇಳಿದ್ದು ತೆಳು ದನಿ, ಅವಳು ಕೊಟ್ಟದ್ದು ಅದೇ. ಬೇರೆ ದನಿ ಇದೆಯಾ ಅಂತ ಯಾರೂ ಕೇಳಲಿಲ್ಲ, ಅವಳೂ ನೋಡಿಕೊಳ್ಳಲಿಲ್ಲ.

ಈ ಜಾಗ ನಮಗೆ ಚುಚ್ಚಿತು. ಕರ್ಟಿಸ್ ಅವಳಿಗೆ ಮನೆ, ಹೆಸರು, ದುಡ್ಡು ಎಲ್ಲ ಕೊಟ್ಟಿದ್ದಾನೆ. ಏನೂ ಕೊಡದೆ ಕಾಟ ಕೊಟ್ಟವನ ಎದುರು ಕಿರುಚಬಹುದು, ಎಲ್ಲ ಕೊಟ್ಟು ಎಲ್ಲ ತಾನೇ ಆರಿಸಿದವನ ಎದುರು ಏನಂತ ಬಾಯಿ ತೆಗೆಯೋದು? ನಮ್ಮ ರೂಮಿನಲ್ಲಿ ನಾಲ್ಕು ಜನ. ಬ್ರ್ಯಾಂಚ್ ಯಾರು ಆರಿಸಿದ್ದು ಅಂದ್ರೆ "ನಾನೇ" ಅನ್ನೋಳು ಒಬ್ಬಳು. (ಅಪ್ಪಂದಿರನ್ನು ಕರ್ಟಿಸ್ ಜೊತೆ ಹೋಲಿಸೋದು ಅನ್ಯಾಯ, ಗೊತ್ತು. ಅವರು ನಮ್ಮ ಹಾಡು ಕದ್ದಿಲ್ಲ, ಫೀಸ್ ಕಟ್ಟಿದ್ದಾರೆ.) ಭಾನುವಾರದ ಫೋನಿನಲ್ಲಿ ಊಟ ಆಯ್ತಾ, ಇಂಟರ್ನಲ್ಸ್ ಯಾವಾಗ, ದುಡ್ಡು ಬೇಕಾ, ಇಷ್ಟು ಪ್ರೀತಿಯಿಂದ ಕೇಳ್ತಾರೆ. ಅಷ್ಟರ ಮಧ್ಯೆ "ಸ್ವಲ್ಪ ಕೇಳಪ್ಪಾ" ಅಂತ ಶುರು ಮಾಡಿದವಳು "ಏನಿಲ್ಲ, ಆಮೇಲೆ ಹೇಳ್ತೀನಿ" ಅಂತ ಮುಗಿಸ್ತಾಳೆ. ಯಾರು ಅಂತ ಹೇಳಲ್ಲ.

ಇನ್ನು ಅರ್ಜಿಯ ವಿಷಯ. ಆ ವರ್ಷ ಈ ಒಂದೇ ಸಿನಿಮಾದ ಮೂರು ಹೊಸ ಹಾಡು ಆಸ್ಕರ್‌ಗೆ ನಾಮನಿರ್ದೇಶನ ಆದವು, ಮೂರೂ ಸೋತವು. ಗೆದ್ದದ್ದು ಹವಾಮಾನ ಬದಲಾವಣೆಯ ಸಾಕ್ಷ್ಯಚಿತ್ರ 'ಆ್ಯನ್ ಇನ್‌ಕನ್ವೀನಿಯೆಂಟ್ ಟ್ರೂತ್'ಗೆ ಮೆಲಿಸ್ಸಾ ಎಥರಿಜ್ ಬರೆದ ಹಾಡು. ಆಮೇಲೆ ಒಂದು ಸಿನಿಮಾಕ್ಕೆ ಎರಡೇ ಹಾಡು ಅಂತ ನಿಯಮವೂ ಬಂತು. ಇನ್ನೂ ತಮಾಷೆ ಅಂದ್ರೆ, ಒಂದು ಹಾಡಿಗೆ ಇಷ್ಟೇ ಜನ ಬರಹಗಾರರು ಅನ್ನೋ ಮಿತಿಯಿಂದ 'ಲಿಸನ್'ನ ನಾಮನಿರ್ದೇಶನದಲ್ಲಿ ಬಿಯಾನ್ಸೆಯ ಹೆಸರೇ ಇರಲಿಲ್ಲ. 'ಕೇಳು' ಅನ್ನೋ ಹಾಡಿಗೆ ಇದಕ್ಕಿಂತ ಸರಿಯಾದ ಗತಿ ಯಾರು ಬರೀತಾರೆ!

ಪ್ರಶಸ್ತಿ ಬರಲಿಲ್ಲ, ಹಾಡು ಉಳೀತು. ನಮಗೆ ಇದೇ ಖುಷಿ ಕೊಟ್ಟ ಸಂಗತಿ. 2009ರಲ್ಲಿ ಅಮೆರಿಕದಲ್ಲಿ ನಾಟಕ ಮತ್ತೆ ಹೊರಟಾಗ ಸಿನಿಮಾದ ಈ ಹಾಡನ್ನು ರಂಗದವರು ತಮ್ಮೊಳಗೆ ಸೇರಿಸಿಕೊಂಡರು, 2016ರಲ್ಲಿ ಲಂಡನ್ನಿನ ಪ್ರದರ್ಶನದಲ್ಲೂ ಇತ್ತು. ಆದರೆ ಇದ್ದ ಹಾಗೇ ಅಲ್ಲ. ಡೀನಾ ಒಬ್ಬಳ ಹಾಡು ಡೀನಾ ಮತ್ತು ಎಫಿ ಇಬ್ಬರ ಹಾಡಾಯ್ತು. ಕರ್ಟಿಸ್ ಅಲ್ಲಿ ಬೇಕಾಗೇ ಇಲ್ಲ. ಯಾರ ಜಾಗವನ್ನು ತಾನು ತಗೊಂಡಿದ್ದಳೋ ಅವಳ ಎದುರೇ ಡೀನಾ ನಿಲ್ತಾಳೆ.

ನಮಗೆ ಇದು ಸಿನಿಮಾದ್ದಕ್ಕಿಂತ ಮೇಲು ಅನ್ಸತ್ತೆ. ಕಿಟಕಿ ಪಕ್ಕದ ಮಂಚದವಳು ಮಾತ್ರ ಒಪ್ಪಲ್ಲ. ಎದುರಿಗೆ ಕೇಳೋಳು ಇದ್ದಾಗ ಹಾಡೋದರಲ್ಲಿ ಏನಿದೆ, ಅವನ ಎದುರು ಹಾಡಿದಳಲ್ಲ ಅದು ದೊಡ್ಡದು ಅಂತಾಳೆ. ಇಯರ್‌ಫೋನ್ ಹಾಕ್ಕೊಂಡು ಬಿಯಾನ್ಸೆಯದನ್ನೇ ಕೇಳ್ತಾಳೆ, ಭಾನುವಾರ ಫೋನ್ ಬರೋ ಹೊತ್ತಿಗೆ ತೆಗೆದಿಡ್ತಾಳೆ.