ಉಳಿದಿದ್ದು ಮೂರೇ ದಿನ!

1948ರ ಮೇ 22. ಗಾಣಗಾಪುರ ರೈಲು ನಿಲ್ದಾಣ. ಬಾಂಬೆ–ಮದ್ರಾಸ್ ಮಾರ್ಗದ ಗಾಡಿ ಬಂದು ನಿಂತಿತು. ನಿಜಾಮನ ಪರ ಬಡಿದಾಡುವ ರಜಾಕಾರರು ಮುಗಿಬಿದ್ದರು. ಪ್ರಯಾಣಿಕರನ್ನು ಹೊಡೆದರು, ಬಡಿದರು, ದೋಚಿದರು. ಸುದ್ದಿ ದಿಲ್ಲಿಗೆ ಹಾರಿತು.

ಅದೇ ಕಂಬಿ ಮುಂದೆ ಕಲಬುರಗಿ ದಾಟುತ್ತದೆ, ಶಹಾಬಾದ್ ದಾಟುತ್ತದೆ, ವಾಡಿ ಜಂಕ್ಷನ್ನಿನಲ್ಲಿ ಹೈದರಾಬಾದಿನ ಕವಲನ್ನು ಎಡಕ್ಕೆ ಬಿಟ್ಟು ನಾಲವಾರಕ್ಕೆ ಬರುತ್ತದೆ. ಅಲ್ಲಿಂದ ಯಾದಗಿರಿ, ರಾಯಚೂರು. 1871ರಿಂದ ಓಡುತ್ತಿದ್ದ ದಾರಿ. ಗಾಡಿ ಭಾರತದ್ದು. ಕಿಟಕಿಯ ಎರಡೂ ಕಡೆಯ ನೆಲ ನಿಜಾಮನದು. ನಾಲವಾರದವನು ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಸ್ವತಂತ್ರ ಭಾರತ ಕಣ್ಣೆದುರೇ ಹೊಗೆಯುಗುಳುತ್ತ ಹಾದುಹೋಗುತ್ತಿತ್ತು. ಇಳಿಯುತ್ತಿರಲಿಲ್ಲ.

ಇಳಿಯಬೇಕಿದ್ದರೆ ಒಂದು ಪುಸ್ತಕ ಬರೆದಾಗಬೇಕಿತ್ತು. ಆ ಪುಸ್ತಕಕ್ಕೆ ಹೈದರಾಬಾದಿನ ಒಪ್ಪಿಗೆ ಸಿಗಬೇಕಿತ್ತು. ಎರಡೂ ಜೀವ ಹಿಂಡುವ ಕೆಲಸ.

ಸಂವಿಧಾನ ಸಭೆಯ ಲೆಕ್ಕ ಸರಳ: ಹತ್ತು ಲಕ್ಷ ಜನಕ್ಕೆ ಒಬ್ಬ ಸದಸ್ಯ. ಹೈದರಾಬಾದ್ ಸಂಸ್ಥಾನದಲ್ಲಿ ಒಂದು ಕೋಟಿ ಅರವತ್ತು ಲಕ್ಷಕ್ಕೂ ಹೆಚ್ಚು ಜನ. ಅಂದರೆ ಹದಿನಾರು ಕುರ್ಚಿ. ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಒಬ್ಬರನ್ನೂ ಕಳಿಸಲಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಯ ಪರವಾಗಿ ದಿಲ್ಲಿಯಲ್ಲಿ ಮಾತಾಡುವವರಿಲ್ಲ. ಆದರೂ ಪೆನ್ನು ನಿಲ್ಲಲಿಲ್ಲ.

ಪೆನ್ನು ಹಿಡಿದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಐಸಿಎಸ್ ಅಧಿಕಾರಿ, ಸಂವಿಧಾನ ಸಭೆಯ ಸಲಹೆಗಾರ. 1947ರ ಅಕ್ಟೋಬರ್ ಹೊತ್ತಿಗೆ ಮೊದಲ ಕರಡು ಸಿದ್ಧ ಮಾಡಿದರು. ಹೊರಗೆ ದೇಶ ಎರಡಾಗಿ ಹೊತ್ತಿ ಉರಿಯುತ್ತಿತ್ತು. ಅರವತ್ತರ ಈ ಮನುಷ್ಯ ಪೆಟ್ಟಿಗೆ ಕಟ್ಟಿ ಹೊರಟೇಬಿಟ್ಟರು. ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್! ನ್ಯಾಯಮೂರ್ತಿಗಳನ್ನು ಕಂಡರು, ಪ್ರಶ್ನೆ ಕೇಳಿದರು, ಟಿಪ್ಪಣಿ ಗೀಚಿದರು. ಅಮೆರಿಕದ ಸುಪ್ರೀಂ ಕೋರ್ಟಿನ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಎಚ್ಚರಿಸಿದರು: ನಮ್ಮ ಒಂದು ಪದಗುಚ್ಛ ನಿಮಗೆ ಬೇಡ, ಅದನ್ನು ಹಿಡಿದು ನ್ಯಾಯಾಧೀಶರು ಶಾಸನಸಭೆಯ ಕಾನೂನುಗಳನ್ನೇ ಉರುಳಿಸುತ್ತಾರೆ. ರಾವ್ ತಲೆಯಾಡಿಸಿದರು. ವಾಪಸು ಬಂದ ಮೇಲೆ ಆ ಪದಗುಚ್ಛ ಕರಡಿನಿಂದ ಮಾಯ!

ಅಮೆರಿಕದವರ ಅನುಭವ ಕೇಳಬೇಕಾದದ್ದೇ. ಅವರೂ ಹೀಗೇ ಏದುಸಿರು ಬಿಟ್ಟವರು. 1787ರ ಬೇಸಿಗೆ, ಫಿಲಡೆಲ್ಫಿಯಾ. 55 ಪ್ರತಿನಿಧಿಗಳು. ಮಾತು ಹೊರಗೆ ಸೋರಬಾರದೆಂದು ಬಾಗಿಲಿಗೆ ಕಾವಲು, ಕಿಟಕಿಗೆ ಅಗುಳಿ, ಮೈಮೇಲೆ ಉಣ್ಣೆಯ ಕೋಟು. ಬೆಂದರು, ಬೆವೆತರು, ಜಗಳಾಡಿದರು, ಕೂತೇ ಇದ್ದರು. ಸುಮಾರು ನಾಲ್ಕು ತಿಂಗಳು. ಸೆಪ್ಟೆಂಬರ್ 17ರಂದು ಸಹಿ. ಆ ತಾರೀಕನ್ನು ನೆನಪಿಡಿ.

ಸಹಿಯಾದರೆ ಮುಗಿಯಿತೇ? ಹದಿಮೂರರಲ್ಲಿ ಒಂಬತ್ತು ರಾಜ್ಯ ಒಪ್ಪಬೇಕು. ಪೆನ್ಸಿಲ್ವೇನಿಯಾದಲ್ಲಿ ಕೋರಂ ಮುರಿಯಲು ಮನೆ ಸೇರಿದ್ದ ಇಬ್ಬರು ಸದಸ್ಯರನ್ನು ಗುಂಪು ಬೀದಿಯಲ್ಲಿ ದರದರ ಎಳೆದು ತಂದು ಸದನದಲ್ಲಿ ಕೂರಿಸಿತು. ಒಂದು ರಾಜ್ಯದ ಫಲಿತಾಂಶ ಇನ್ನೊಂದಕ್ಕೆ ಮುಟ್ಟಿಸಲು ಕುದುರೆ ಸವಾರರು ಹಗಲಿರುಳು ಓಡಿದರು. ವರ್ಜೀನಿಯಾದಲ್ಲಿ 89–79. ನ್ಯೂಯಾರ್ಕಿನಲ್ಲಿ 30–27, ಮೂರೇ ಮತದ ಅಂತರ! ಇನ್ನು ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ ಫಿಲಡೆಲ್ಫಿಯಾಕ್ಕೆ ಒಬ್ಬನನ್ನೂ ಕಳಿಸಿರಲಿಲ್ಲ. ವಾಷಿಂಗ್ಟನ್ ಅಧ್ಯಕ್ಷರಾಗಿ ವರ್ಷ ಕಳೆದರೂ ಹೊರಗೇ ಕೂತಿತ್ತು. ಪರದೇಶದಂತೆ ಸುಂಕ ಹಾಕುತ್ತೇವೆ ಎಂದು ಬೆದರಿಸಿದ ಮೇಲೆ, 1790ರ ಮೇ 29ರಂದು, 34–32ರಲ್ಲಿ ತಲೆಬಾಗಿತು.

ಹೈದರಾಬಾದ್ ನಮ್ಮ ರೋಡ್ ಐಲೆಂಡ್. ಆದರೆ ಇದು ಅಂಗೈಯಗಲದ ರಾಜ್ಯವಲ್ಲ, 82 ಸಾವಿರ ಚದರ ಮೈಲಿ. ಸ್ವಂತ ನಾಣ್ಯ, ಸ್ವಂತ ಅಂಚೆ, ಗಡಿಯಲ್ಲಿ ಕರೋಡಗಿರಿ, ಅಂದರೆ ಸುಂಕದ, ನಾಕಾ. ಸ್ವಂತ ಸೈನ್ಯ ಬೇರೆ!

ದಿಲ್ಲಿಯಲ್ಲಿ ಕರಡು ಸಮಿತಿ ಕೂತಿತು. ಏಳು ಜನ. ಒಬ್ಬರು ರಾಜೀನಾಮೆ ಕೊಟ್ಟರು. ಒಬ್ಬರು ತೀರಿಕೊಂಡರು. ಒಬ್ಬರು ಅಮೆರಿಕದಲ್ಲೇ ಉಳಿದರು. ಒಬ್ಬರಿಗೆ ಸಂಸ್ಥಾನಗಳ ಗದ್ದಲ. ಇನ್ನೊಬ್ಬಿಬ್ಬರು, ಬಹುಶಃ ಆರೋಗ್ಯ ಕೈಕೊಟ್ಟು, ದಿಲ್ಲಿಯಿಂದ ದೂರ. ಇದನ್ನು ಸದನದಲ್ಲಿ ಬಿಡಿಸಿ ಹೇಳಿದವರು ಟಿ.ಟಿ. ಕೃಷ್ಣಮಾಚಾರಿ. ಉಳಿದ ಹೆಗಲು ಒಂದೇ, ಡಾ. ಅಂಬೇಡ್ಕರರದು. ಆ ಹೆಗಲೂ ಗಟ್ಟಿಯಿರಲಿಲ್ಲ. ಸಕ್ಕರೆ ಕಾಯಿಲೆ, ಕಾಲುನೋವು, ನಿದ್ದೆಗೇಡು. ಆದರೂ ಕೂತರು. 1948ರ ಫೆಬ್ರವರಿಯಲ್ಲಿ ಕರಡು ಹೊರಬಿತ್ತು: 315 ವಿಧಿಗಳು, 8 ಅನುಸೂಚಿಗಳು. ತಿದ್ದುಪಡಿಗಳ ಮಳೆ ಸುರಿಯಿತು. ಬಂದವು 7,635. ಚರ್ಚೆಗೆ ಎತ್ತಿಕೊಂಡವೇ 2,473!

ಇತ್ತ ಆಕಾಶದಲ್ಲಿ ಬೇರೆಯೇ ಆಟ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಪೈಲಟ್, ಬಾಂಬರ್ ತಳಿಯ ನಾಲ್ಕು ಎಂಜಿನ್ನಿನ ಲ್ಯಾಂಕಾಸ್ಟ್ರಿಯನ್ ವಿಮಾನಗಳು, ಹೊಟ್ಟೆ ತುಂಬ ಬಂದೂಕು–ಮದ್ದುಗುಂಡು. ಕತ್ತಲಲ್ಲಿ ಕರಾಚಿ ಬಿಡುವುದು, ಭಾರತವನ್ನು ಕದ್ದು ದಾಟುವುದು, ಬೀದರಿನಲ್ಲೋ ವರಂಗಲ್ಲಿನಲ್ಲೋ ಇಳಿಯುವುದು, ಸರಕು ಸುರಿದು ಮತ್ತೆ ಹಾರುವುದು. ಕಳ್ಳಸಾಗಣೆಯೇ, ಒಪ್ಪೋಣ. ಧೈರ್ಯ ಮಾತ್ರ ಕಳ್ಳನದಲ್ಲ.

ನೆಲದ ಮೇಲೆ ಊರೂರು ನಡುಗುತ್ತಿದ್ದವು. ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗೆ ನುಗ್ಗುತ್ತಿದ್ದರು. ಜನ ಎತ್ತಿನ ಬಂಡಿ ಹೂಡಿ ಸೋಲಾಪುರದತ್ತ, ವಿಜಾಪುರದತ್ತ ಗುಳೆ ಎದ್ದರು. ಗಡಿಯಾಚೆ ಶಿಬಿರಗಳು ಹುಟ್ಟಿದವು. ಮುಂಡರಗಿ ಶಿಬಿರದಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು ಹುಡುಗರನ್ನು ಕಟ್ಟಿದರು. ಮೇ ತಿಂಗಳಲ್ಲೇ ಬೀದರ್ ಜಿಲ್ಲೆಯ ಗೋರಟಾದಲ್ಲಿ ನರಮೇಧ ನಡೆಯಿತು. ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಾಮಾನಂದ ತೀರ್ಥರು, ಸ್ಟೇಟ್ ಕಾಂಗ್ರೆಸ್ಸಿನ ನಾಯಕ, ಜೈಲಿನಲ್ಲಿ. ದಿಲ್ಲಿ–ಹೈದರಾಬಾದ್ ಮಾತುಕತೆ ಮುರಿಯಿತು. ನಿಜಾಮನ ದೂರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಬಾಗಿಲು ತಟ್ಟಿತು. ಪ್ಯಾರಿಸಿನಲ್ಲಿ ಸೆಪ್ಟೆಂಬರ್ 16ಕ್ಕೆ ಅದರ ಸಭೆ.

ದಿಲ್ಲಿ ಆ ತಾರೀಕಿಗೆ ಕಾಯಲಿಲ್ಲ.

ಸೆಪ್ಟೆಂಬರ್ 13, ನಸುಕು. ಸೋಲಾಪುರದ ಕಡೆಯಿಂದ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಪಡೆ ಕದಲಿತು. ಟ್ಯಾಂಕು, ಲಾರಿ, ಫಿರಂಗಿ. ಹೈದರಾಬಾದಿಗೆ ಸುಮಾರು 300 ಕಿಲೊಮೀಟರ್. ಮಳೆಗಾಲದ ಕೊನೆ. ಎರೆ ನೆಲ ನೀರು ಕುಡಿದು ಕೂತಿರುವ ಕಾಲ. ರಸ್ತೆ ಬಿಟ್ಟು ಒಂದು ಗಾಲಿ ಕೆಳಗಿಳಿದರೆ ಹೂತಿತೆಂದೇ ಲೆಕ್ಕ. ಹಾಗಾಗಿ ಎಲ್ಲವೂ ಒಂದು ಸೇತುವೆಯ ಮೇಲೆ ನಿಂತಿತ್ತು: ನಳದುರ್ಗದ ಬೋರಿ ನದಿ. ಅದು ಸಿಡಿದರೆ ಇಡೀ ಪಡೆ ಆಚೆ ದಡದಲ್ಲೇ ಠಿಕಾಣಿ.

ಸಿಡಿಯಲಿಲ್ಲ. ಏಳನೇ ಬ್ರಿಗೇಡ್ ಮಿಂಚಿನಂತೆ ಎರಗಿ ಸೇತುವೆಯನ್ನು ಇಡಿಯಾಗಿ ಹಿಡಿಯಿತು. ಬೆಳಿಗ್ಗೆ ಒಂಬತ್ತಕ್ಕೆ ಟ್ಯಾಂಕುಗಳು ಜಳಕೋಟದಲ್ಲಿ. ಇಳಿಹೊತ್ತಿಗೆ ಉಮರ್ಗಾದಲ್ಲಿ. ಮರುದಿನ ರಾಜೇಶ್ವರ. ಮೇಲೆ ಟೆಂಪೆಸ್ಟ್ ವಿಮಾನಗಳ ಗುಡುಗು. ಚಿಂಚೋಳಿಯ ಕಾಡಿನ ಆಚೆಗೆ, ಜಹೀರಾಬಾದಿನಲ್ಲಿ, ರಸ್ತೆಯ ತುಂಬ ನೆಲಬಾಂಬು. ಪಡೆ ನಿಧಾನಿಸಿತು, ಕೆದಕಿತು, ತೆಗೆಯಿತು, ಮತ್ತೆ ಓಡಿತು. 17ರ ಬೆಳಗಿನ ಜಾವ ಬೀದರ್ ಕೈಗೆ ಬಂತು. ಅದೇ ಸಂಜೆ ನಿಜಾಮ ಕದನವಿರಾಮ ಸಾರಿದರು.

ಸೆಪ್ಟೆಂಬರ್ 17! ಫಿಲಡೆಲ್ಫಿಯಾದ ಸಹಿಗೆ ಸರಿಯಾಗಿ 161 ವರ್ಷ. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಆ ದಿನ ಬಾವುಟ ಏರುತ್ತದೆ. ಅಮೆರಿಕದವರೂ ಅದೇ ದಿನ ತಮ್ಮ ಸಂವಿಧಾನ ದಿನ ಆಚರಿಸುತ್ತಾರೆ. ಕಾಕತಾಳೀಯವೇ ಸರಿ, ಆದರೂ ನನಗೆ ಇದನ್ನು ಹೇಳದೆ ಬಿಡಲಾಗದು. 18ರ ಸಂಜೆ ನಾಲ್ಕಕ್ಕೆ ನಿಜಾಮನ ಸೇನಾಪತಿ ಜನರಲ್ ಎಲ್ ಎದ್ರೂಸ್ ಚೌಧುರಿಯವರಿಗೆ ಶರಣಾದರು. ರಾಮಾನಂದ ತೀರ್ಥರು ಜೈಲಿನಿಂದ ಹೊರಬಂದರು.

ಇಲ್ಲಿ ಜಯಘೋಷ ಕೂಗಿ ಮುಗಿಸುವವರಿದ್ದಾರೆ. ಮುಗಿಸಲಾಗದು. ಸೈನ್ಯ ಹಾದುಹೋದ ದಾರಿಯಲ್ಲಿ ಸೇಡಿನ ಕತ್ತಿ ಝಳಪಿಸಿತು. ರಜಾಕಾರರ ಮುಖವನ್ನೇ ಕಾಣದ ಮುಸ್ಲಿಂ ಮನೆಗಳೂ ಉರಿದವು. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಊರೂರು ಸುತ್ತಿ 27ರಿಂದ 40 ಸಾವಿರ ಸಾವಿನ ಅಂದಾಜು ಬರೆಯಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ಆ ವರದಿ ದಶಕಗಳ ಕಾಲ ಬೀರುವಿನಲ್ಲಿ ಉಳಿಯಿತು. ಬದುಕುಳಿದ ಕಥೆ ಹೇಳುವವರು ಈ ಪುಟವನ್ನೂ ತೆರೆಯಬೇಕು.

ನೆಲ ಬಂತು. ಒಪ್ಪಿಗೆ? ಅದು ಬರಲೇ ಇಲ್ಲ. 1949ರ ಅಕ್ಟೋಬರ್ ಕಳೆಯಿತು. ದಿಲ್ಲಿಯಲ್ಲಿ ವಿಧಿಗಳ ಸಂಖ್ಯೆ 395ಕ್ಕೆ ಏರಿ ನಿಂತಿತ್ತು. ಪ್ರೇಮ್ ಬಿಹಾರಿ ನಾರಾಯಣ್ ರಾಯಜಾದಾ 303ನೇ ನಂಬರಿನ ನಿಬ್ಬಿನಿಂದ ಅದನ್ನು ಕೈಯಾರೆ ಬರೆದರು. ಆರು ತಿಂಗಳ ದುಡಿಮೆ, ಕೂಲಿ ಬೇಡವೆಂದರು. ಫಿಲಡೆಲ್ಫಿಯಾದ ಗುಮಾಸ್ತ ಜೇಕಬ್ ಶಾಲಸ್ ನಾಲ್ಕು ಚರ್ಮದ ಹಾಳೆಯನ್ನು ಒಂದು ವಾರಾಂತ್ಯದಲ್ಲಿ ಮುಗಿಸಿ ಮೂವತ್ತು ಡಾಲರ್ ಎಣಿಸಿಕೊಂಡಿದ್ದ!

ಅಂಗೀಕಾರದ ದಿನ ಗೊತ್ತಾಗಿತ್ತು: ನವೆಂಬರ್ 26. ಸರ್ದಾರ್ ಪಟೇಲರು ಅಷ್ಟರೊಳಗೆ ಒಂಬತ್ತು ಸಂಸ್ಥಾನ–ಒಕ್ಕೂಟಗಳ ಒಪ್ಪಿಗೆ ಒಟ್ಟುಮಾಡಬೇಕು. ಹೈದರಾಬಾದಿನಲ್ಲಿ ಚುನಾಯಿತ ಸಭೆಯೇ ಇಲ್ಲ. ಒಪ್ಪಬೇಕಾದವನು ನಿಜಾಮ. ವರ್ಷದ ಹಿಂದೆ ಫಿರಂಗಿ ಎತ್ತಿದವನೇ!

ನವೆಂಬರ್ 23. ಫರ್ಮಾನು ಹೊರಬಿತ್ತು. ಭಾರತದ ಸಂವಿಧಾನವೇ ಹೈದರಾಬಾದಿನ ಸಂವಿಧಾನ. ಉಳಿದಿದ್ದು ಮೂರೇ ದಿನ.

26ರಂದು ಪಟೇಲರು ಎದ್ದು ನಿಂತು ಸದನಕ್ಕೆ ತಿಳಿಸಿದರು: ಹೈದರಾಬಾದ್ ಸೇರಿ ಒಂಬತ್ತೂ ಒಪ್ಪಿವೆ.

ಆದರೂ ಸಹಿ ರಾಜನದು. ನಾಲವಾರದವನದಲ್ಲ. ಅವನ ಸರದಿ 1952ರ ಆರಂಭದಲ್ಲಿ ಬಂತು. ಈ ನೆಲದಲ್ಲಿ ಮೊದಲ ವಯಸ್ಕ ಮತದಾನ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಕಬ್ಬಿಣದ ಡಬ್ಬಿ, ಡಬ್ಬಿಗೆ ಅಂಟಿಸಿದ ಚಿಹ್ನೆ. ಗುರುತು ಹಾಕುವಂತಿಲ್ಲ, ಓದು ಬೇಕಿಲ್ಲ. ಬೆರಳಿಗೆ ಶಾಯಿ, ಕೈಗೆ ಚೀಟಿ, ಪರದೆಯ ಹಿಂದೆ ಹೋಗು, ನಿನ್ನ ಡಬ್ಬಿಗೆ ಹಾಕು. ಫರ್ಸಿ ಗಣಿಯಲ್ಲಿ ಕಲ್ಲು ಸೀಳುವವನಿಗೂ ಒಂದು, ತೊಗರಿ ಹೊಲದ ಗೌಡನಿಗೂ ಒಂದು. ಕಲಬುರಗಿ ಲೋಕಸಭಾ ಕ್ಷೇತ್ರದಲ್ಲಿ ಗೆದ್ದವರು ಯಾರು? ಜೈಲಿನಿಂದ ಬಂದ ರಾಮಾನಂದ ತೀರ್ಥರು!

ಹದಿನಾರು ಖಾಲಿ ಕುರ್ಚಿಯ ಸಾಲ ಮಾತ್ರ ಬಾಕಿ. 1956ರ ನವೆಂಬರ್ 1ರಂದು ಕಲಬುರಗಿ, ಬೀದರ್, ರಾಯಚೂರು ಮೈಸೂರು ರಾಜ್ಯ ಸೇರಿದವು. ಎಪ್ಪತ್ತರ ದಶಕದಲ್ಲಿ ತೆಲಂಗಾಣವೂ ಸೇರಿದ್ದ ಆಂಧ್ರಪ್ರದೇಶಕ್ಕೆ, ಓದು–ನೌಕರಿಯಲ್ಲಿ ಸ್ಥಳೀಯರಿಗೆ ಪಾಲು ಕೊಡುವ 371(ಡಿ) ವಿಧಿ ಸಿಕ್ಕಿತು. ನಮಗೆ ಕೈಬೀಸಿದರು. ಚಿಂಚೋಳಿಯ ವೈಜನಾಥ ಪಾಟೀಲರು ಪಟ್ಟು ಹಿಡಿದರು. ಧರಣಿ, ಬಂದ್, ಬಂಧನ, ಮತ್ತೆ ಧರಣಿ. ಕೇಂದ್ರ ಒಮ್ಮೆ ಖಡಾಖಂಡಿತ ಇಲ್ಲವೆಂದಿತು. ಬಿಡಲಿಲ್ಲ. ಕೇಂದ್ರ ಸಂಪುಟದಲ್ಲಿದ್ದ ಮಲ್ಲಿಕಾರ್ಜುನ ಖರ್ಗೆ ಒಳಗಿಂದ ತಳ್ಳಿದರು. 2012ರ ಡಿಸೆಂಬರಿನಲ್ಲಿ ಸಂಸತ್ತು ಮಸೂದೆಗೆ ಅಸ್ತು ಎಂದಿತು. 98ನೇ ತಿದ್ದುಪಡಿ, 371(ಜೆ). ದಿಲ್ಲಿಯ ಪುಸ್ತಕದಲ್ಲಿ ಈ ಸೀಮೆಯ ಹೆಸರಿನಲ್ಲೇ ಒಂದು ವಿಧಿ!

ಈಗ ಓಟ ಚಿಕ್ಕದು, ಬೆವರು ಅಷ್ಟೇ. ಸೀಟಿಗೋ ನೌಕರಿಗೋ ಅರ್ಜಿ ಹಾಕುವ ನಾಲವಾರದ ಹುಡುಗಿ ಶಾಲೆಯ ದಾಖಲೆ, ವಾಸದ ಪುರಾವೆ ಎಲ್ಲ ಕೂಡಿಸಿ 371(ಜೆ) ಅರ್ಹತಾ ಪ್ರಮಾಣಪತ್ರಕ್ಕೆ ಅರ್ಜಿ ಕೊಡಬೇಕು. ಸಹಿ ಸೇಡಂನ ಸಹಾಯಕ ಆಯುಕ್ತರದು. ಕೌನ್ಸೆಲಿಂಗ್ ತಾರೀಕಿನೊಳಗೆ ಅದು ಕೈಗೆ ಬರಬೇಕು.