ಹೊತ್ತು ನಡೆವ ಮನೆ

ಸುಗ್ಗಿ ಮುಗಿದ ಮೇಲೆ ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವುದು ವಾಡಿಕೆ. ಊರೂರು ಅಲೆಯುವ ಕುರಿಗಾರನ ಮನೆಯೆಂದರೆ ನಾಲ್ಕು ಗೂಟ, ತಾಡಪತ್ರಿ, ಕಂಬಳಿ, ಕಾವಲಿಗೆ ನಾಯಿ. ರಿಪೇರಿಗೆ ಮೇಸ್ತ್ರಿ ಎಲ್ಲಿಂದ ಬರಬೇಕು? ದಬ್ಬಣ, ದಾರ ಗಂಟಿನಲ್ಲೇ ಇರುತ್ತವೆ. ಹಿಂಡಿನ ಸುತ್ತಲ ಬಲೆ ಹರಿದರಂತೂ ಹೊತ್ತು ಮುಳುಗುವ ಮೊದಲೇ ಗಂಟು ಹಾಕಬೇಕು; ತೋಳಕ್ಕೆ ಒಂದು ಕಿಂಡಿ ಸಾಕು.

ಕಂಬಳಿ ಗಟ್ಟಿ ಜೀವ. ಉಣ್ಣೆಯ ಸಹಜ ಜಿಡ್ಡು ನೀರನ್ನು ಜಾರಿಸುತ್ತದೆ, ಹುಣಸೆಬೀಜದ ಸರಿ ನೇಯ್ಗೆಯನ್ನು ಬಿಗಿ ಮಾಡುತ್ತದೆ. ಹರಿದಲ್ಲಿ ಹೊಲಿದರೆ ಮತ್ತೆ ಬಾಳುತ್ತದೆ. ಪ್ಲಾಸ್ಟಿಕ್ ತಾಡಪತ್ರಿ ಹಾಗಲ್ಲ. ಬಿಸಿಲಿನ ಅತಿನೇರಳೆ ಕಿರಣಗಳಿಗೆ ಪೆಡಸಾಗಿ, ಹೊಲಿದ ತೂತಿನಿಂದಲೇ ಮತ್ತೆ ಸೀಳುತ್ತದೆ. ಅಗ್ಗವೆಂದು ಕೊಂಡದ್ದು! ಅಡ್ಡಮಳೆಯ ರಾತ್ರಿ ಕಂಬಳಿ ಎಳೆಮರಿಗಳಿಗೆ. ಸೋರುವ ತಾಡಪತ್ರಿಯಡಿ ಕುರಿಗಾರ, ಅವನ ನಾಯಿ.