ಅವಳ ತೋಳಿನ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ

1/8
ಈ ಸಲ ಫೋಟೋ ಕಮ್ಮಿ, ಮಾತು ಜಾಸ್ತಿ. ಒಟ್ಟು ಎಂಟು ಪೋಸ್ಟ್. ಬಸ್ಸಲ್ಲಿ ಕೂತಾಗ ಓದ್ಕೊಳ್ಳಿ.

2025ರ ಮಾರ್ಚ್‌ನಲ್ಲಿ ಒಬ್ಬ ಮದುಮಗಳ ವಿಡಿಯೋ ನಿಮ್ಮೆಲ್ಲರ ಫೀಡಲ್ಲೂ ಓಡಾಡಿರುತ್ತೆ. ಚಿತ್ರಾ ಪುರುಷೋತ್ತಮ್. ನಮ್ಮ ಕರ್ನಾಟಕದವರೇ. ಬಾಡಿಬಿಲ್ಡರ್, ಫಿಟ್‌ನೆಸ್ ಕೋಚ್. ಮಿಸ್ ಕರ್ನಾಟಕ, ಮಿಸ್ ಸೌತ್ ಇಂಡಿಯಾ ಅಂತ ಗೆದ್ದು ಬಂದವರು. ಹಳದಿ-ನೀಲಿ ಕಾಂಜೀವರಂ ಸೀರೆ, ಮೈತುಂಬ ಚಿನ್ನ, ಸೊಂಟಕ್ಕೆ ಡಾಬು, ಜಡೆಗೆ ಹೂವು. ಎಲ್ಲಾ ಮದುಮಗಳಂತೆಯೇ. ಆದ್ರೆ ರವಿಕೆ ಇಲ್ಲದೆ ಉಟ್ಟಿದ್ರು, ಭುಜ ಬೆನ್ನು ತೋಳು ಎಲ್ಲಾ ಎದ್ದು ಕಾಣ್ತಿತ್ತು. ವರ್ಷಗಟ್ಟಲೆ ಜಿಮ್ಮಲ್ಲಿ ದುಡಿದು ಮಾಡಿದ ಭುಜ ಅದು.

ನಮ್ಮ ಕ್ಲಾಸ್ ಗ್ರೂಪಲ್ಲಿ ಹತ್ತು ನಿಮಿಷಕ್ಕೆ ನಾಲ್ಕು ಪಾರ್ಟಿ ಆಯ್ತು. ಒಂದು ಪಾರ್ಟಿ ಬೆಂಕಿ ಇಮೋಜಿ ಹಾಕ್ತು. ಇನ್ನೊಂದು ಗಂಡನ ಗತಿ ಏನು ಅಂತ ಜೋಕ್ ಮಾಡ್ತು. ಮೂರನೇದು, "ತಪ್ಪು ಅಂತ ಹೇಳ್ತಿಲ್ಲ, ಹೆಣ್ಣಿಗೆ ಇದು ಚಂದ ಕಾಣಲ್ಲ ಅಷ್ಟೇ" ಅಂತು. ನಾಲ್ಕನೇದು, "ಹೆಲ್ತಿಗೆ ಒಳ್ಳೇದಾ ಇದು?" ಅಂತ ಕೇಳ್ತು. ಗ್ರೂಪಲ್ಲಿ ಏನೂ ಹೇಳದ ಒಬ್ಬಳು ನಂಗೆ ಮಾತ್ರ ಮೆಸೇಜ್ ಹಾಕಿದ್ಲು: "ನೀನು ಹೋಗೋ ಜಿಮ್ ಫೀಸ್ ಎಷ್ಟು?"

ಜೋಕ್ ಬಿಟ್ಟು ಉಳಿದ ಮೂರಕ್ಕೂ ಉತ್ತರ ಕೊಡೋಕೆ ಈ ಸರಣಿ.

2/8
ನನ್ನ ಕಥೆ ಸ್ವಲ್ಪ ಹೇಳ್ಬಿಡ್ತೀನಿ, ಇಲ್ಲಾಂದ್ರೆ ನಾನ್ಯಾಕೆ ಇಷ್ಟು ತಲೆ ಕೆಡಿಸ್ಕೊಂಡಿದೀನಿ ಅಂತ ಗೊತ್ತಾಗಲ್ಲ.

ಮನೆ ಸಿದ್ದಾಪುರ. ಎರಡೂವರೆ ವರ್ಷದಿಂದ ತೂಕ ಎತ್ತುತ್ತಿದ್ದೀನಿ. ಮೊದಲು ಸಣ್ಣ ಆಗೋಕೆ ಅಂತ ಸೇರಿದ್ದು. ಆಮೇಲೆ ಡೆಡ್‌ಲಿಫ್ಟ್ ಬಾರಿಗೆ ಒಂದೊಂದೇ ಪ್ಲೇಟು ಸೇರ್ತಾ ಹೋಯ್ತು, ಸಣ್ಣ ಆಗೋ ಆಸೆ ಮರೆತೇ ಹೋಯ್ತು. ಈಗ ನಮ್ಮ ಕೋಚ್, ಮುಂದಿನ ವರ್ಷ ರಾಜ್ಯ ಮಟ್ಟದಲ್ಲಿ ಸ್ಟೇಜ್ ಹತ್ತು ಅಂತಿದಾರೆ.

ಅಮ್ಮ ಬೇಡ ಅಂತಾರೆ. ಅವರ ಕಾರಣ ನನ್ನ ಬಗ್ಗೆ ಅಲ್ಲ, ಅಕ್ಕನ ಬಗ್ಗೆ. ಅಕ್ಕಂಗೆ ಗಂಡು ನೋಡ್ತಿದಾರೆ. ಒಂದು ಕಡೆಯವರು ಬಂದು ಉಪ್ಪಿಟ್ಟು ಕಾಫಿ ಮುಗಿಸಿ, ಹೋಗೋವಾಗ "ಚಿಕ್ಕವಳು ಏನ್ ಮಾಡ್ತಾಳೆ, ಆಟ ಗೀಟ ಆಡ್ತಾಳಾ?" ಅಂತ ನನ್ನ ತೋಳು ನೋಡ್ಕೊಂಡೇ ಕೇಳಿದ್ರು. ಮತ್ತೆ ಫೋನ್ ಬರಲಿಲ್ಲ. ಅದೇ ಕಾರಣ ಅಂತ ಯಾರೂ ಹೇಳಿಲ್ಲ. ಆದ್ರೆ ಅವತ್ತಿಂದ ಮನೆಗೆ ಯಾರಾದ್ರೂ ಬರ್ತಾರೆ ಅಂದ್ರೆ ಅಮ್ಮ ನನ್ನ ಮಂಚದ ಮೇಲೆ ಉದ್ದ ತೋಳಿನ ಚೂಡಿದಾರ್ ತೆಗೆದಿಟ್ಟಿರ್ತಾರೆ.

ಮಾವ ಹೇಳೋದೇ ಬೇರೆ: "ಪುಟ್ಟಿ, ಫಿಟ್ ಆಗಿರು, ಬೇಡ ಅನ್ನಲ್ಲ. ಆದ್ರೆ ಒಂದು ಲಿಮಿಟ್ ಇರ್ಲಿ."

ಅಜ್ಜಿಗೆ ಚಿತ್ರಾ ಅವರ ವಿಡಿಯೋ ತೋರಿಸ್ದೆ. ಎರಡು ಸಲ ನೋಡಿದ್ರು. "ರವಿಕೆ ಹಾಕಿಲ್ಲ ಅಂತ ಬಯ್ತಾವ್ರಾ? ನಮ್ಮಜ್ಜಿ ಸಾಯೋ ತನಕ ರವಿಕೆ ಹಾಕಿರ್ಲಿಲ್ಲ ಕಣೇ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಇಷ್ಟು ನರ ಕಾಣ್ಬಾರ್ದು" ಅಂತಾನೂ ಸೇರಿಸಿದ್ರು.

ಒಂದೇ ಮನೆ, ಮೂರು ಜನ, ಮೂರೂವರೆ ಅಭಿಪ್ರಾಯ.

3/8
ಮಾವ ಹೇಳಿದ "ಲಿಮಿಟ್" ಎಲ್ಲಿದೆ ಅಂತ ಹುಡುಕ್ತಾ ಹೋದೆ. ಈ ಸ್ಪರ್ಧೆ ನಡೆಸೋರಿಗೂ ಅದು ಗೊತ್ತಿಲ್ಲ ಅನ್ನೋದು ಅಲ್ಲಿ ಗೊತ್ತಾಯ್ತು.

ಮಿಸ್ ಒಲಿಂಪಿಯಾ ಶುರುವಾಗಿದ್ದು 1980ರಲ್ಲಿ. ಮೊದಲು ಗೆದ್ದವರು ರೇಚಲ್ ಮೆಕ್‌ಲಿಶ್. 1983ರಲ್ಲಿ ಲಾಸ್ ವೇಗಾಸ್‌ನ ಒಂದು ಸ್ಪರ್ಧೆಗೆ ಆಸ್ಟ್ರೇಲಿಯಾದ ಪವರ್‌ಲಿಫ್ಟರ್ ಬೆವ್ ಫ್ರಾನ್ಸಿಸ್ ಬಂದ್ರು. ಅಲ್ಲಿದ್ದವರಲ್ಲಿ ಅತಿ ಹೆಚ್ಚು ಸ್ನಾಯು ಇದ್ದದ್ದು ಅವರಿಗೇ. ಬಾಡಿಬಿಲ್ಡಿಂಗ್ ಅಂದ್ರೆ ಸ್ನಾಯು ಬೆಳೆಸೋದು ತಾನೇ? ಆದ್ರೂ ಅವರಿಗೆ ಸಿಕ್ಕಿದ್ದು ಎಂಟನೇ ಸ್ಥಾನ. "ಹೆಣ್ತನ ಎಲ್ಲಿವರೆಗೆ" ಅಂತ ಅಧಿಕಾರಿಗಳು, ತೀರ್ಪುಗಾರರು ಜಗಳ ಆಡೋದು 1985ರಲ್ಲಿ ಬಂದ 'ಪಂಪಿಂಗ್ ಐರನ್ 2' ಸಾಕ್ಷ್ಯಚಿತ್ರದಲ್ಲಿ ರೆಕಾರ್ಡ್ ಆಗಿದೆ. ಸಿಕ್ಕರೆ ನೋಡಿ.

2005ರ ಸೀಸನ್‌ಗೆ ಅಂತರರಾಷ್ಟ್ರೀಯ ಒಕ್ಕೂಟ ಒಂದು ಸುತ್ತೋಲೆ ಕಳಿಸ್ತು. ಬಾಡಿಬಿಲ್ಡಿಂಗ್, ಫಿಟ್‌ನೆಸ್, ಫಿಗರ್ ಮೂರರಲ್ಲೂ ಮಹಿಳೆಯರು ಸ್ನಾಯು ಶೇ. 20ರಷ್ಟು ಕಮ್ಮಿ ಮಾಡ್ಕೊಂಡು ಬನ್ನಿ ಅಂತ. ಶೇ. 20! ಕ್ರಿಕೆಟಲ್ಲಿ ಸ್ಮೃತಿ ಮಂಧಾನಗೆ "ರನ್ ಸ್ವಲ್ಪ ಕಮ್ಮಿ ಹೊಡಿಯಮ್ಮ, ನೋಡೋಕೆ ಚೆನ್ನಾಗಿರಲ್ಲ" ಅಂದ ಹಾಗೆ.

ಐರಿಸ್ ಕೈಲ್ ಮಿಸ್ ಒಲಿಂಪಿಯಾ 10 ಸಲ ಗೆದ್ದಿದ್ದಾರೆ. ಗಂಡಸರ ಮಿಸ್ಟರ್ ಒಲಿಂಪಿಯಾ ದಾಖಲೆ 8. ಅವರ ಹತ್ತನೇ ಗೆಲುವು 2014ರಲ್ಲಿ. ಅದಾದ ಮೇಲೆ ಸ್ಪರ್ಧೆನೇ ನಿಲ್ಲಿಸಿಬಿಟ್ರು. ಮತ್ತೆ ಶುರುವಾಗಿದ್ದು 2020ರಲ್ಲಿ.

4/8
ಈ ಮಧ್ಯೆ ಹೊಸ ಹೊಸ ವಿಭಾಗ ಹುಟ್ಟಿದ್ವು. ಒಲಿಂಪಿಯಾದಲ್ಲಿ 2003ಕ್ಕೆ ಫಿಗರ್, 2010ಕ್ಕೆ ಬಿಕಿನಿ, 2013ಕ್ಕೆ ವಿಮೆನ್ಸ್ ಫಿಸೀಕ್, 2021ಕ್ಕೆ ವೆಲ್‌ನೆಸ್. ಇದನ್ನ ಎರಡು ತರ ನೋಡಬಹುದು.

ಒಳ್ಳೇದು ಅನ್ನೋರು: ಎಲ್ಲರ ದೇಹಕ್ಕೂ ಒಂದು ಜಾಗ ಸಿಕ್ತು. ಸಣ್ಣ ಮೂಳೆಯವಳು ಬಿಕಿನಿಗೆ ಹೋಗಲಿ, ತೊಡೆ ಬಲ ಇದ್ದವಳು ವೆಲ್‌ನೆಸ್‌ಗೆ ಹೋಗಲಿ. ತೂಕದ ಮೇಲೆ ಕುಸ್ತಿಯಲ್ಲಿ ವಿಭಾಗ ಮಾಡಲ್ವಾ, ಹಾಗೇ.

ಅನುಮಾನ ಪಡೋರು: ಇದು ವಿಭಾಗ ಅಲ್ಲ, ಏಣಿ. ಸ್ನಾಯು ಕಮ್ಮಿ ಇದ್ದಷ್ಟೂ ಜಾಹೀರಾತು ಜಾಸ್ತಿ. ಒಂದು ವಿಷಯ ಗಮನಿಸಿ. ಬಿಕಿನಿ, ವೆಲ್‌ನೆಸ್, ಫಿಗರ್‌ನಲ್ಲಿ ಹೈ ಹೀಲ್ಸ್ ಹಾಕ್ಕೊಂಡು ನಡೀಬೇಕು. ಫಿಸೀಕ್, ಬಾಡಿಬಿಲ್ಡಿಂಗ್‌ನಲ್ಲಿ ಬರಿಗಾಲು. ಸ್ನಾಯು ಜಾಸ್ತಿ ಆಗ್ತಿದ್ದ ಹಾಗೆ ಹೀಲ್ಸ್ ಮಾಯ.

ನಂಗೆ ಎರಡೂ ವಾದ ಸರಿ ಅನ್ಸುತ್ತೆ. ವಿಭಾಗ ಇರೋದ್ರಿಂದಲೇ ನನ್ನಂಥವಳು ಸ್ಟೇಜ್ ಬಗ್ಗೆ ಯೋಚನೆ ಮಾಡೋಕಾದ್ರೂ ಆಗ್ತಿದೆ. ಆದ್ರೆ ಯಾವ ವಿಭಾಗ ಅನ್ನೋದು ನನ್ನ ಮೂಳೆ, ನನ್ನ ತರಬೇತಿ ನೋಡಿ ತೀರ್ಮಾನ ಆಗ್ಬೇಕು. "ಇಷ್ಟಾದ್ರೆ ಜನ ಒಪ್ತಾರೆ" ಅಂತ ಅಲ್ಲ.

5/8
ಈಗ "ಹೆಲ್ತಿಗೆ ಒಳ್ಳೇದಾ?" ಅನ್ನೋ ಪ್ರಶ್ನೆ. ಇದನ್ನ ಕೇಳಿದವರ ಮೇಲೆ ನಂಗೆ ಸಿಟ್ಟಿಲ್ಲ. ಇದು ನಿಜವಾದ ಪ್ರಶ್ನೆ.

ಮೊದಲು ಭಯ ಬಿಡಿಸೋ ಮಾತು. ವಾರಕ್ಕೆ ಮೂರ್ನಾಲ್ಕು ದಿನ ಡಂಬೆಲ್ ಎತ್ತಿದ್ರೆ "ಗಂಡಸಿನ ತರ" ಆಗ್ಬಿಡ್ತೀವಿ ಅನ್ನೋದು ಸುಳ್ಳು. ಟೆಸ್ಟೋಸ್ಟಿರಾನ್ ಹಾರ್ಮೋನ್ ವಯಸ್ಸಿಗೆ ಬಂದ ಗಂಡಸರ ರಕ್ತದಲ್ಲಿ ನಮಗಿಂತ ಸುಮಾರು 15 ಪಟ್ಟು ಇರುತ್ತೆ. ನನ್ನ ತೋಳಿಗೆ ಎರಡೂವರೆ ವರ್ಷ, ದಿನಕ್ಕೆ ಆರು ಮೊಟ್ಟೆ, ಅಮ್ಮನ ಮುದ್ದೆ-ಸೊಪ್ಪಿನ ಸಾರು ಎಲ್ಲಾ ಬೇಕಾಯ್ತು. ಬೆಳಗ್ಗೆ ಎದ್ದು ನೋಡಿದ್ರೆ ಬಂದಿರೋದಲ್ಲ. ಮೂಳೆ ಗಟ್ಟಿ ಆಗುತ್ತೆ ಅನ್ನೋದು ಲಾಭ, ಅದು ನಮ್ಮ ಅಮ್ಮಂದಿರಿಗೂ ಬೇಕು.

ಎರಡನೇದು, ಸ್ಟೇಜ್ ಮೇಲೆ ಕಾಣೋ ದೇಹ ಯಾರದ್ದೂ ದಿನನಿತ್ಯದ ದೇಹ ಅಲ್ಲ. ತಿಂಗಳುಗಟ್ಟಲೆ ಊಟ ಕಮ್ಮಿ ಮಾಡಿ ಕೊಬ್ಬು ಇಳಿಸಿರ್ತಾರೆ, ಕೊನೇ ವಾರದಲ್ಲಿ ನೀರು ಉಪ್ಪಿನ ಲೆಕ್ಕ ಬದಲಾಯಿಸಿರ್ತಾರೆ, ಮೇಲೆ ಕಂದು ಬಣ್ಣದ ಟ್ಯಾನ್, ಅದರ ಮೇಲೆ ಲೈಟು. ಆ ಫೋಟೋ ಒಂದೆರಡು ದಿನದ್ದು. ಅಜ್ಜಿಗೆ ಕಂಡ ನರ ಎಷ್ಟೋ ಸಲ ವಾರ ಕಳೆದ್ರೆ ಮತ್ತೆ ಒಳಗೆ ಹೋಗಿರುತ್ತೆ.

ಮೂರನೇದು ಭಯ ಪಡಬೇಕಾದ್ದು. ಕೊಬ್ಬು ತುಂಬಾ ಇಳಿದು, ದೇಹಕ್ಕೆ ಬೇಕಾದಷ್ಟು ಊಟ ಸಿಗದಿದ್ರೆ ಪೀರಿಯಡ್ಸ್ ನಿಲ್ಲುತ್ತೆ. "ಅಥ್ಲೀಟ್ಸ್‌ಗೆ ಇದೆಲ್ಲ ನಾರ್ಮಲ್" ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. ತುಂಬಾ ದಿನ ಹಾಗೇ ಬಿಟ್ರೆ ಮೂಳೆನೇ ಸವೆಯುತ್ತೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಈ ತೊಂದರೆಗೆ ಹೆಸರು ಕೊಟ್ಟು ಎಚ್ಚರಿಕೆ ಹೇಳಿದೆ.

ಸ್ಟೀರಾಯ್ಡ್ ಬಗ್ಗೆನೂ ಬಾಯಿ ಬಿಟ್ಟು ಹೇಳ್ತೀನಿ. ಈ ಕ್ರೀಡೆಯಲ್ಲಿ ಅದು ಇದೆ. ಹೆಣ್ಣುಮಕ್ಕಳು ತಗೊಂಡ್ರೆ ದನಿ ದಪ್ಪ ಆಗಬಹುದು, ಮುಖದ ಮೇಲೆ ಕೂದಲು ಬರಬಹುದು. ದಪ್ಪ ಆದ ದನಿ ಔಷಧಿ ಬಿಟ್ಟ ಮೇಲೂ ಎಷ್ಟೋ ಜನಕ್ಕೆ ವಾಪಸ್ ಬರಲ್ಲ. "ಸ್ವಲ್ಪವೇ ಸ್ವಲ್ಪ, ಏನಾಗಲ್ಲ" ಅಂತ ಲಾಕರ್ ರೂಮಲ್ಲಿ ಚೀಟಿ ಕೊಡೋರನ್ನ ಕಂಡ್ರೆ ಬ್ಯಾಗ್ ತಗೊಂಡು ಹೊರಟುಬಿಡಿ. ಅದೇ ಹೊತ್ತಿಗೆ, ಸ್ನಾಯು ಇರೋ ಹುಡುಗಿಯನ್ನ ಕಂಡ ಕೂಡಲೇ "ಏನ್ ಚುಚ್ಚಿಸ್ಕೊಂಡೆ?" ಅಂತ ಕೇಳೋದನ್ನೂ ಬಿಡಿ. ಎಷ್ಟೋ ಜನ ಗಂಡು ಬಾಡಿಬಿಲ್ಡರ್‌ಗೆ ನೀವು ಅದನ್ನ ಕೇಳಲ್ಲ.

6/8
ಮಧ್ಯಪ್ರದೇಶದ ರತ್ಲಾಂ, ಮಾರ್ಚ್ 2023. ಒಂದು ಬಾಡಿಬಿಲ್ಡಿಂಗ್ ಸ್ಪರ್ಧೆಯ ವೇದಿಕೆ ಮೇಲೆ ಹನುಮಂತನ ಮೂರ್ತಿ ಇತ್ತು. ಅದರ ಮುಂದೆ ಮಹಿಳಾ ಸ್ಪರ್ಧಿಗಳು ಸ್ಪರ್ಧೆಯ ಉಡುಪಲ್ಲೇ ಪೋಸ್ ಕೊಟ್ರು. ದೊಡ್ಡ ಗಲಾಟೆ ಆಯ್ತು. ಒಂದು ಪಕ್ಷದವರು ಗಂಗಾಜಲ ಚಿಮುಕಿಸಿ, ಹನುಮಾನ್ ಚಾಲೀಸಾ ಓದಿ ಜಾಗ ಶುದ್ಧ ಮಾಡಿದ್ರು. ಇನ್ನೊಂದು ಪಕ್ಷದವರು, ಹೆಣ್ಣುಮಕ್ಕಳು ಆಟದಲ್ಲಿ ಮುಂದೆ ಬರೋದು ಇವರಿಗೆ ಸಹಿಸಲ್ಲ ಅಂದ್ರು. ಯಾವ ಪಕ್ಷ ಅನ್ನೋದು ಇಲ್ಲಿ ಬೇಡ, ಕಮೆಂಟಲ್ಲಿ ಆ ಜಗಳ ಶುರು ಮಾಡಬೇಡಿ.

ದೇವರ ಮುಂದೆ ಆ ಉಡುಪು ಬೇಡ ಅನ್ನೋರ ಮನಸ್ಸು ನಂಗೆ ಅರ್ಥ ಆಗುತ್ತೆ. ನಮ್ಮಜ್ಜಿಯೂ ಅದನ್ನೇ ಹೇಳ್ತಾರೆ. ಮೂರ್ತಿಯನ್ನ ಬೇರೆ ಕಡೆ ಇಡಬಹುದಿತ್ತು. ಆದ್ರೆ ಗರಡಿ ಮನೆಗಳಲ್ಲಿ ಲಂಗೋಟಿ ಕಟ್ಟಿದ ಪೈಲ್ವಾನರು ದಿನಾ ಕೈ ಮುಗಿಯೋದೂ ಅದೇ ಆಂಜನೇಯನಿಗೆ. ಅಲ್ಲಿ ಯಾರೂ ನೀರು ಚಿಮುಕಿಸಲ್ಲ. ನಾನು ಓದಿದ ಯಾವ ಸುದ್ದಿಯಲ್ಲೂ ಆ ಹುಡುಗಿಯರು ಯಾವ ಊರಿಂದ ಬಂದಿದ್ರು, ಯಾರು ಗೆದ್ರು ಅಂತ ಇರಲಿಲ್ಲ.

7/8
ನಮ್ಮ ಬೆಂಗಳೂರಿಗೇ ಬರೋಣ. ಕೆ.ವಿ. ಅಯ್ಯರ್ ಹೆಸರು ಕೇಳಿದೀರಾ? 1897ರಲ್ಲಿ ಹುಟ್ಟಿದವರು. ಇಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ್ರು. ತಮ್ಮ ಮೈಕಟ್ಟಿನ ಫೋಟೋಗಳನ್ನ ತಮ್ಮ ಪುಸ್ತಕಗಳಲ್ಲೇ ಅಚ್ಚು ಹಾಕಿಸಿದ್ರು. ಅದೇ ಮನುಷ್ಯ 'ಶಾಂತಲಾ' ಅನ್ನೋ ಕಾದಂಬರಿನೂ ಬರೆದ್ರು. ಊರು ಅವರನ್ನ ಹೆಮ್ಮೆಯಿಂದ ನೆನೆಸ್ಕೊಳ್ಳುತ್ತೆ, ಸರಿಯಾಗೇ ಇದೆ. ಗಂಡಸು ಮೈ ಬೆಳೆಸಿ ತೋರಿಸಿದ್ರೆ ಅದು ಸಾಧನೆ, ಶಿಸ್ತು.

ಹಾಗಾದ್ರೆ ಹೆಣ್ಣಿನ ಬಲ ನಮ್ಮವರಿಗೆ ಇಷ್ಟ ಇಲ್ವಾ? ಅದೂ ನಿಜ ಅಲ್ಲ. ಚಿತ್ರದುರ್ಗದ ಓಬವ್ವ ಅಂದ್ರೆ ಎದ್ದು ನಿಲ್ತೀವಿ. 'ನಾಗರಹಾವು' ಸಿನಿಮಾದಲ್ಲಿ ಜಯಂತಿ ಅವರು ಒನಕೆ ಎತ್ತಿದ್ರೆ ಈಗಲೂ ಮೈ ಜುಮ್ ಅನ್ನುತ್ತೆ. ದಿನಾ ಒನಕೆ ಹಿಡಿದು ಕುಟ್ಟೋ ಕೈ ಮೆತ್ತಗೆ ಇದ್ದೀತಾ? ನಮ್ಮ ಸಿದ್ದಾಪುರದ ನರ್ಸರಿ ಸಾಲಲ್ಲಿ ಬೆಳಗ್ಗೆ ಒಂದು ಸುತ್ತು ಹೋಗಿ ಬನ್ನಿ. ಗೊಬ್ಬರದ ಚೀಲ, ಮಣ್ಣು ತುಂಬಿದ ಕುಂಡ ಎತ್ತಿ ಆಟೋಗೆ ಹಾಕೋ ಅಕ್ಕಂದಿರ ಮುಂಗೈ ನೋಡಿ. ನನ್ನದಕ್ಕಿಂತ ಗಟ್ಟಿ. ಅವರನ್ನ ನೋಡಿ ಯಾರೂ "ಹೆಣ್ಣಿಗೆ ಚಂದ ಅಲ್ಲ" ಅಂತ ಬರೆಯಲ್ಲ. ನೋಡೋದೇ ಇಲ್ಲ ಬಿಡಿ.

ನಂಗೆ ಅನ್ಸೋದು ಇಷ್ಟು. ಹೆಣ್ಣಿನ ಬಲ ಕೋಟೆ ಕಾಯೋಕೆ, ಮಗು ಎತ್ತೋಕೆ, ಸಿಲಿಂಡರ್ ಸರಿಸೋಕೆ, ಕೂಲಿಗೆ ಅಂತ ಖರ್ಚಾದ್ರೆ ಎಲ್ಲರಿಗೂ ಒಪ್ಪಿಗೆ. ಅವಳು ಅದನ್ನ ತನಗೇ ಅಂತ ಬೆಳೆಸಿ, ಉಳಿಸ್ಕೊಂಡು, ಲೈಟ್ ಕೆಳಗೆ ನಿಂತು "ನೋಡಿ" ಅಂದಾಗ ತೊಂದರೆ ಶುರು. ತೋಳಿನ ಸುತ್ತಳತೆ ನೆಪ ಅಷ್ಟೇ.

ಇಷ್ಟ ಇಲ್ಲ ಅನ್ನೋ ಹಕ್ಕು ನಿಮಗಿದೆ. ನಂಗೂ ಒಣಗಿ ಬಿರುಕು ಬಿಟ್ಟಂತೆ ಕಾಣೋ ಕೆಲವು ಸ್ಟೇಜ್ ಫೋಟೋ ಇಷ್ಟ ಆಗಲ್ಲ, ಗಂಡಸರದ್ದೂ ಸೇರಿ. ಆದ್ರೆ "ನಂಗೆ ಇಷ್ಟ ಇಲ್ಲ" ಅನ್ನೋದಕ್ಕೂ "ನೀನು ಹಾಗಿರಬಾರದು" ಅನ್ನೋದಕ್ಕೂ ಮಧ್ಯೆ ಒಂದು ಊರಷ್ಟು ದೂರ ಇದೆ.

8/8
ನಾನೇನ್ ಮಾಡ್ತೀನಿ ಅಂತ ಕೇಳ್ತೀರಾ?

ಸ್ಟೇಜ್ ಹತ್ತೋ ತೀರ್ಮಾನ ಮಾಡಿದೀನಿ. ಕೋಚ್ ಹತ್ರ ಮೂರು ಮಾತು ಹೇಳಿದೀನಿ. ಚುಚ್ಚಿಸ್ಕೊಳ್ಳಲ್ಲ. ಮೊದಲು ರಕ್ತ ಪರೀಕ್ಷೆ, ಮಧ್ಯೆ ಇನ್ನೊಂದು. ಪೀರಿಯಡ್ಸ್ ನಿಂತ್ರೆ ಡಯಟ್ ಅಲ್ಲಿಗೇ ನಿಲ್ಲುತ್ತೆ, ಪದಕ ಹೋದ್ರೂ ಸರಿ. ಅವರು ಒಪ್ಪಿದಾರೆ.

ಅಕ್ಕನ ಹತ್ರ ನೇರವಾಗಿ ಕೇಳ್ದೆ, ನನ್ನಿಂದ ನಿಂಗೆ ತೊಂದರೆ ಆಗ್ತಿದೆಯಾ ಅಂತ. "ತಂಗಿ ತೋಳು ನೋಡಿ ಓಡಿಹೋಗೋನು ನಂಗ್ಯಾಕೆ?" ಅಂದ್ಲು. ಅವಳು ನಗ್ತಾ ಹೇಳಿದ್ದು, ಆದ್ರೆ ಅದರ ಬೆಲೆ ಅವಳೇ ಕಟ್ಟಬೇಕಾಗಬಹುದು ಅಂತ ನಂಗೆ ಗೊತ್ತಿದೆ. ಅದಕ್ಕೇ ಈ ತೀರ್ಮಾನ ನಂಗೆ ಹಗುರ ಅಲ್ಲ.

ಅಮ್ಮ ಇನ್ನೂ ಒಪ್ಪಿಲ್ಲ. ಉದ್ದ ತೋಳಿನ ಚೂಡಿದಾರ್ ಇನ್ನೂ ಮಂಚದ ಮೇಲೆ ಬರುತ್ತೆ. ಆದ್ರೆ ಹೋದ ವಾರ ಸೋದರತ್ತೆ ಮನೆ ಗೃಹಪ್ರವೇಶಕ್ಕೆ ಅಂತ ರೇಷ್ಮೆ ರವಿಕೆ ಹಾಕ್ಕೊಂಡ್ರೆ ತೋಳು ಹಿಡೀತಿತ್ತು. ಅಮ್ಮ ಏನೂ ಮಾತಾಡದೆ ಇಸ್ಕೊಂಡು, ಕತ್ತರಿ ತಗೊಂಡು ಒಳಹೊಲಿಗೆ ಬಿಡಿಸಿ ಅರ್ಧ ಇಂಚು ಸಡಿಲ ಮಾಡಿ ಕೊಟ್ರು. ಒಪ್ಪಿಗೆ ಅಂತ ನಾನು ಅಂದ್ಕೊಂಡಿಲ್ಲ. ಬಟ್ಟೆ ಹರೀಬಾರ್ದು ಅಂತ ಮಾಡಿರಬಹುದು. ಇರ್ಲಿ, ಅರ್ಧ ಇಂಚು ಜಾಗ ಸಿಕ್ತು.

ಈಗ ನಿಮ್ಮ ಸರದಿ. ನಿಮ್ಮ ಮನೇಲಿ ಅತಿ ಹೆಚ್ಚು ಬಲ ಇರೋ ಹೆಣ್ಣು ಯಾರು? ಅವರು ಏನು ಎತ್ತಿ ಎತ್ತಿ ಅಷ್ಟು ಗಟ್ಟಿ ಆದ್ರು? ಕಮೆಂಟಲ್ಲಿ ಬರೀರಿ. ಜಿಮ್ ಫೀಸ್ ಕೇಳಿದ್ದ ಗೆಳತಿಗೆ: ಸೋಮವಾರ ಬೆಳಗ್ಗೆ ಆರಕ್ಕೆ ಬಾ, ಮೊದಲ ದಿನ ದುಡ್ಡಿಲ್ಲ. ಶೂಸ್ ಮರೀಬೇಡ.

#ಸಿದ್ದಾಪುರ #ತೂಕಎತ್ತೋಹುಡುಗಿ #ಕನ್ನಡದಲ್ಲಿಫಿಟ್‌ನೆಸ್ #ಉದ್ದಕ್ಯಾಪ್ಶನ್